ಉದ್ಯೋಗ ಖಾತ್ರಿ: ಅಂತರ್ಜಾಲದಲ್ಲಿ ಹಾಜರಿ ಪಟ್ಟಿ, ಗ್ರಾಮಸಭೆಯಲ್ಲಿ ಲೆಕ್ಕ

ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯು 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಆರಂಭವಾಯಿತು. ಆಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಬೀದರ್, ಗುಲ್ಬರ್ಗ, ರಾಯಚೂರು ಮತ್ತು ದಾವಣಗೆರೆ ಉಳಿದ ನಾಲ್ಕು. ಬರಕ್ಕೆ ಹೆಸರಾದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮೀಣ ಕುಟುಂಬಗಳಿಗೆ ವರ್ಷಕ್ಕೆ 100 ದಿನಗಳ ಕೂಲಿ ಕೆಲಸವನ್ನು ಹಕ್ಕಾಗಿ ಕೇಳುವ ಅವಕಾಶ ಇದರಿಂದ ದೊರೆಯಿತು.

ಲೆಕ್ಕ ಕೇಳುವ ಹಕ್ಕು

ಕೆಲಸದ ಜೊತೆಗೆ ಲೆಕ್ಕ ಕೇಳುವ ಹಕ್ಕನ್ನೂ ಕಾಯ್ದೆ ನೀಡಿತ್ತು. ಅದರ 17ನೇ ಸೆಕ್ಷನ್ ಪ್ರಕಾರ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಗ್ರಾಮಸಭೆಯ ಹೊಣೆ. ಇದರ ಬೇರು ರಾಜಸ್ಥಾನದಲ್ಲಿದೆ. 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು 1994ರಿಂದ ಬಹಿರಂಗ ಸಭೆಗಳಲ್ಲಿ ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿತು. ದಾಖಲೆಯ ಪ್ರತಿಗಾಗಿ ಅದು ವರ್ಷಗಟ್ಟಲೆ ಹೋರಾಡಬೇಕಾಯಿತು. ಆ ಹೋರಾಟ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಗೂ ದಾರಿಯಾಯಿತು.

ಅಂತರ್ಜಾಲದಲ್ಲಿ ಏನಿದೆ?

ಹೀಗೆ ಹೋರಾಡಿ ಪಡೆಯಬೇಕಿದ್ದ ದಾಖಲೆಗಳನ್ನು ಉದ್ಯೋಗ ಖಾತ್ರಿಯ ಜಾಲತಾಣ ಸಾರ್ವಜನಿಕರ ಮುಂದಿಟ್ಟಿತು. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿಯನ್ನು ಅನುಕ್ರಮವಾಗಿ ಆರಿಸಿಕೊಂಡರೆ ಜಾಬ್ ಕಾರ್ಡ್, ಹಾಜರಿ ಪಟ್ಟಿ (ಎನ್ಎಂಆರ್), ಕಾಮಗಾರಿಯ ವೆಚ್ಚ ಮತ್ತು ಕೂಲಿ ಪಾವತಿಯ ವಿವರಗಳನ್ನು ನೋಡಬಹುದಾಗಿತ್ತು. ಕೂಲಿಕಾರರ ಸಂಘಟನೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯದೆ, ಪಟ್ಟಿಯನ್ನು ಮುದ್ರಿಸಿಕೊಂಡು ಊರಿನಲ್ಲಿ ಓದಿಸಲು ಇದರಿಂದ ಸಾಧ್ಯವಾಯಿತು. ಕೆಲಸಕ್ಕೆ ಹೋಗದವರ ಹೆಸರು, ಕಟ್ಟದ ಬದು, ಹೂಳು ತೆಗೆಯದ ಕೆರೆ ಪಟ್ಟಿಯಲ್ಲಿದ್ದರೆ ಅದನ್ನು ಮೊದಲು ಗುರುತಿಸಬಲ್ಲವರು ಆ ಊರಿನವರೇ. 2021ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ಮಾಹಿತಿ ಕಣಜ' ಜಾಲತಾಣವು ವಿವಿಧ ಇಲಾಖೆಗಳ ಯೋಜನೆಗಳ ಮಾಹಿತಿಯನ್ನು ಒಂದೆಡೆ ತಂದಿತು.

ತಂತ್ರಜ್ಞಾನದ ಮಿತಿ

ಕೆಲಸದ ಸ್ಥಳದಿಂದಲೇ ಕೂಲಿಕಾರರ ಛಾಯಾಚಿತ್ರ ಸಹಿತ ಹಾಜರಿ ದಾಖಲಿಸುವ ಮೊಬೈಲ್ ವ್ಯವಸ್ಥೆಯನ್ನು 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ಆದರೆ ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳು, ಹಳೆಯ ಚಿತ್ರದಿಂದ ತೆಗೆದ ಚಿತ್ರಗಳು ದಾಖಲಾಗುತ್ತಿವೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳನ್ನು ಎಚ್ಚರಿಸಿತು. ಇನ್ನೊಂದೆಡೆ, ನೆಟ್‌ವರ್ಕ್ ಸಿಗದೆ ಹಾಜರಿ ದಾಖಲಾಗದಿದ್ದರೆ ದಿನವಿಡೀ ದುಡಿದವರ ಕೂಲಿಗೇ ಕುತ್ತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯ್ದೆಯ ಬದಲಿಗೆ, 125 ದಿನಗಳ ಕೆಲಸದ ಭರವಸೆಯುಳ್ಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಯೋಜನೆಯ ಹೆಸರು ಯಾವುದೇ ಇರಲಿ, ಜಾಲತಾಣ ತೋರಿಸುವುದು ಬರೆದಿಟ್ಟ ಲೆಕ್ಕವನ್ನು ಮಾತ್ರ. ಅದು ನಿಜವೇ ಎಂದು ಹೇಳಬೇಕಾದವರು ಗ್ರಾಮಸಭೆಗೆ ಬಂದು ಕುಳಿತ ಜನ.