2,14,74,83,647: 'ಉಪಯೋಗವಿಲ್ಲದ' ಸಂಖ್ಯೆ ಕಂಪ್ಯೂಟರ್‌ಗಳ ಲಕ್ಷ್ಮಣರೇಖೆಯಾದ ಕಥೆ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ನಾಲ್ಕು ಲಕ್ಷ ಎಂಬತ್ಮೂರು ಸಾವಿರದ ಆರುನೂರ ನಲವತ್ತೇಳು. 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಮೊತ್ತದಲ್ಲಿ 1 ಕಳೆದರೆ ಸಿಗುವ ಸಂಖ್ಯೆ ಇದು. ಗಣಿತಜ್ಞರಿಗೆ ಇದು ಅಪರೂಪದ ಅವಿಭಾಜ್ಯ ಸಂಖ್ಯೆ. ಹಳೆಯ ಕಂಪ್ಯೂಟರ್‌ಗಳಿಗೆ ಇದನ್ನು ದಾಟಿ ಎಣಿಸಲು ಬಾರದು.

ಆಯ್ಲರ್ ಸಾಧಿಸಿದ್ದು ಹೇಗೆ?

1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವುದೇ ಅವಿಭಾಜ್ಯ ಸಂಖ್ಯೆ. ಫ್ರಾನ್ಸ್‌ನ ಮರೀನ್ ಮರ್ಸೆನ್ 1644ರಲ್ಲೇ ಈ ಸಂಖ್ಯೆಯನ್ನು ತಮ್ಮ ಪಟ್ಟಿಗೆ ಸೇರಿಸಿದ್ದರು. ಆದರೆ ಆ ಪಟ್ಟಿಯಲ್ಲಿ ತಪ್ಪುಗಳೂ ಇದ್ದವು. 1772ರಲ್ಲಿ ಇದನ್ನು ಸಾಧಿಸಿ ತೋರಿಸಿದವರು ಲಿಯೊನಾರ್ಡ್ ಆಯ್ಲರ್. ಆ ವೇಳೆಗೆ ಅವರು ಬಹುಪಾಲು ದೃಷ್ಟಿ ಕಳೆದುಕೊಂಡಿದ್ದರು.

ಈ ಸಂಖ್ಯೆಯ ವರ್ಗಮೂಲ ಸುಮಾರು 46,341. ಅಂದರೆ ಅದಕ್ಕಿಂತ ಚಿಕ್ಕದಾದ ಸಾವಿರಾರು ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಿತ್ತು. ಆದರೆ 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಅವಿಭಾಜ್ಯಗಳನ್ನಷ್ಟೇ ಪರೀಕ್ಷಿಸಿದರೆ ಸಾಕು ಎಂಬುದನ್ನು ಆಯ್ಲರ್ ಕಂಡುಕೊಂಡರು. 1867ರವರೆಗೂ ಇದೇ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಾಗಿತ್ತು.

ಪರಿಪೂರ್ಣ ಸಂಖ್ಯೆಯ ನಂಟು

6ರ ಭಾಜಕಗಳಾದ 1, 2, 3 ಕೂಡಿದರೆ ಮತ್ತೆ 6 ಬರುತ್ತದೆ. ಇಂಥವು ಪರಿಪೂರ್ಣ ಸಂಖ್ಯೆಗಳು. ಆಯ್ಲರ್ ಸಾಧಿಸಿದ ಅವಿಭಾಜ್ಯದಿಂದ 19 ಅಂಕಿಗಳ ಎಂಟನೇ ಪರಿಪೂರ್ಣ ಸಂಖ್ಯೆ ಸಿಕ್ಕಿತು. ಇವು ಬರೀ ಕುತೂಹಲಕ್ಕೆ, ಉಪಯೋಗಕ್ಕಲ್ಲ. ಹಾಗಾಗಿ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಬರೆದರು. ಆ ಮಾತು ಸುಳ್ಳಾಯಿತು.

2038ರಲ್ಲಿ ಏನಾಗುತ್ತದೆ?

32 ಬಿಟ್ ಲೆಕ್ಕದಲ್ಲಿ ಒಂದು ಬಿಟ್ ಧನ-ಋಣ ಚಿಹ್ನೆಗೆ ಮೀಸಲು. ಉಳಿದ 31 ಬಿಟ್‌ಗಳಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆಯೇ 2,14,74,83,647. 2014ರಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ ಈ ಗಡಿ ದಾಟಿದಾಗ ಯೂಟ್ಯೂಬ್ 64 ಬಿಟ್ ಎಣಿಕೆಗೆ ಬದಲಾಗಿತ್ತು.

ನಿಜವಾದ ಆತಂಕ ಗಡಿಯಾರದ್ದು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಾ ಬಂದಿವೆ. 2038ರ ಜನವರಿ 19, ಮಂಗಳವಾರ, ಭಾರತೀಯ ಕಾಲಮಾನ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಎಣಿಕೆ ಈ ಸಂಖ್ಯೆಯನ್ನು ಮುಟ್ಟಲಿದೆ. ಮರು ಸೆಕೆಂಡಿಗೆ 32 ಬಿಟ್ ಎಣಿಕೆ ಋಣಸಂಖ್ಯೆಗೆ ಜಾರಿ, ದಿನಾಂಕ 1901ರ ಡಿಸೆಂಬರ್ ಎಂದು ತೋರಿಸಬಹುದು.

ಇಂದಿನ ಬಹುತೇಕ ಫೋನ್, ಕಂಪ್ಯೂಟರ್‌ಗಳು 64 ಬಿಟ್‌ನವು. ಅವುಗಳ ಎಣಿಕೆ ಕೋಟ್ಯಂತರ ವರ್ಷ ಸಾಗಬಲ್ಲದು. ಅಪಾಯವಿರುವುದು ಕಾರ್ಖಾನೆಯ ಯಂತ್ರ, ನೆಟ್‌ವರ್ಕ್ ಉಪಕರಣಗಳ ಒಳಗೆ ವರ್ಷಗಟ್ಟಲೆ ಬದಲಾಗದೆ ಉಳಿದಿರುವ ಹಳೆಯ ಸಾಫ್ಟ್‌ವೇರ್‌ಗೆ. ಆ ಬೆಳಗ್ಗೆ ಬರುವ ಮುನ್ನವೇ ಅವುಗಳನ್ನು ಹುಡುಕಿ ಸರಿಪಡಿಸಬೇಕಿದೆ.