ಹೋಟೆಲಿನ ಹಿತ್ತಲ ಕಿಟಕಿ

ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಹಳೇ ಹೆಂಚಿನ ಹೋಟೆಲ್ ಕೆಡವ್ತಿದಾರೆ. ಎಲ್ರೂ ಅಲ್ಲಿನ ದೋಸೆ ನೆನೆಸ್ಕೊಂಡು ಬರೀತಿದೀರಿ. ಆ ಕಟ್ಟಡಕ್ಕೊಂದು ಹಿತ್ತಲ ಕಿಟಕಿ ಇತ್ತು. ನಮ್ಮ ಹಿರೀಕರಿಗೆ ಕಾಫಿ ಸಿಗ್ತಿದ್ದದ್ದು ಅಲ್ಲೇ. ಸೂರಿಗೆ ಸಿಕ್ಕಿಸಿದ ಬೇರೆ ಲೋಟ, ಕುಡಿದು ತಾವೇ ತೊಳೆದಿಡಬೇಕು. ಕಾಸು ಮಾತ್ರ ಎಲ್ರಿಗೂ ಒಂದೇ.

1950ರಲ್ಲಿ ಜಾರಿಯಾದ ನಮ್ಮ ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ, ಅದರಲ್ಲಿ ಹೋಟೆಲ್ ಅನ್ನೋ ಪದವೇ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಮುಂದೆ ಹೋಯ್ತು: ಹೋಟೆಲಿನ ಪಾತ್ರೆ ಬಳಸೋಕೆ ಅಡ್ಡಿ ಮಾಡಿದ್ರೂ ಅಪರಾಧ.

ಆದ್ರೂ ಎಪ್ಪತ್ತರ ದಶಕದಲ್ಲಿ ನಮ್ಮಪ್ಪ ಕಾಫಿ ಕುಡಿದಿದ್ದು ಆ ಕಿಟಕೀಲೇ.

ಕಟ್ಟಡ ಹೋಗ್ಲಿ. ಊರಿನ ಇತಿಹಾಸ ಬರೆಯೋರು ದೋಸೆ ಜೊತೆ ಕಿಟಕೀನೂ ಬರೀರಿ.

ಜೈ ಭೀಮ್.