ಬುರುಡೆಯೊಳಗಿನ ತಂತು: ಮೈಸೂರು ಲ್ಯಾಂಪ್ ವರ್ಕ್ಸ್ ಹುಟ್ಟುವ ಮುನ್ನ

ಮಲ್ಲೇಶ್ವರದ ಪಶ್ಚಿಮಕ್ಕೆ, ಯಶವಂತಪುರದ ಕಡೆ ಸಾಗುವ ಹಳೆಯ ತುಮಕೂರು ರಸ್ತೆಯ ಮಗ್ಗುಲಲ್ಲಿ, 1936ರಲ್ಲಿ ಮೈಸೂರು ಲ್ಯಾಂಪ್ ವರ್ಕ್ಸ್ ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯೂ ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯೂ ನಡೆಯುತ್ತಿದ್ದ ಕಾಲವದು. ಸಂಸ್ಥಾನದ ಕೈಗಾರಿಕೆಗಳ ಚರಿತ್ರೆಯನ್ನು ಹೇಳುವಾಗ ನಾವು ಇಂಥ ಕಾರ್ಖಾನೆಯ ಹೆಸರನ್ನೂ ವರ್ಷವನ್ನೂ ಬಂಡವಾಳವನ್ನೂ ಬರೆಸಿ ಮುಂದಿನ ಕಾರ್ಖಾನೆಗೆ ಹೋಗಿಬಿಡುತ್ತೇವೆ. ಈ ಲೇಖಕನೂ ತರಗತಿಯಲ್ಲಿ ಹಾಗೆಯೇ ಮಾಡುತ್ತ ಬಂದವನು. ಆದರೆ ಆ ಬುರುಡೆಯೊಳಗೆ ಇಡತಕ್ಕ ತಂತು ಯಾವ ಪದಾರ್ಥದ್ದಾಗಿರಬೇಕು, ಅದನ್ನು ತಯಾರಿಸುವ ಹಕ್ಕು ಯಾರ ಕೈಯಲ್ಲಿತ್ತು ಎಂದು ಕೇಳಿದೊಡನೆ ಚರಿತ್ರೆಯ ಬೇರೊಂದು ಮುಖ ಕಾಣಿಸಿಕೊಳ್ಳುತ್ತದೆ. ಲೋಹದ ಗುಣದಷ್ಟೇ ಪೇಟೆಂಟಿನ ಅವಧಿಯೂ ಪದಾರ್ಥದ ಆಯ್ಕೆಯನ್ನು ನಿರ್ಧರಿಸಿತೆಂಬುದು ನಮ್ಮ ವಾದ.

ಎಡಿಸನ್ 1879ರಲ್ಲಿ ಇಂಗಾಲದ ತಂತುವನ್ನು ಉರಿಸಿದನು. ಮರುವರ್ಷ ಬಿದಿರಿನ ಸೀಳನ್ನು ಇಂಗಾಲವಾಗಿಸಿ ಬಳಸತೊಡಗಿದನು. ಅವನ ಪೇಟೆಂಟು ಒಂದೇ ತುಂಡಾಗಿ ಬೆಸೆದ ಗಾಜಿನ ಬುರುಡೆಯನ್ನೂ, ಗಾಜಿನ ಮೂಲಕ ಒಳಹೋಗುವ ಪ್ಲಾಟಿನಮ್ ತಂತಿಗಳನ್ನೂ ಒಳಗೊಂಡಿತ್ತು. ಪ್ಲಾಟಿನಮ್ ದುಬಾರಿಯಾದರೂ ಅದನ್ನು ಬಿಡುವಂತಿರಲಿಲ್ಲ. ಕಾದಾಗ ಅದು ಹೆಚ್ಚುಕಡಿಮೆ ಗಾಜಿನಷ್ಟೇ ಹಿಗ್ಗುವುದರಿಂದ ಬೆಸುಗೆ ಬಿರುಕು ಬಿಡುತ್ತಿರಲಿಲ್ಲ. ಅಮೆರಿಕದ ನ್ಯಾಯಾಲಯಗಳು ಈ ಪೇಟೆಂಟನ್ನು ಎತ್ತಿಹಿಡಿದಾಗ, 1893ರ ಷಿಕಾಗೋ ಪ್ರದರ್ಶನಕ್ಕೆ ದೀಪ ಒದಗಿಸಲು ಒಪ್ಪಿಕೊಂಡಿದ್ದ ವೆಸ್ಟಿಂಗ್‌ಹೌಸ್ ಇಕ್ಕಟ್ಟಿಗೆ ಸಿಕ್ಕಿದನು. ಅವನು ಕಂಡುಕೊಂಡ ಉಪಾಯ ಸ್ವಾರಸ್ಯವಾದುದು: ಸೀಸೆಗೆ ಬಿರಡೆ ಹಾಕುವಂತೆ ಬುರುಡೆಗೆ ಅರೆದು ಕೂರಿಸಿದ ಗಾಜಿನ ಬಿರಡೆಯನ್ನಿಟ್ಟು, ದೀಪವನ್ನು ಎರಡು ತುಂಡುಗಳಾಗಿ ಮಾಡಿದನು. ಗುಣದಲ್ಲಿ ಅದು ಎಡಿಸನ್ನನ ದೀಪಕ್ಕಿಂತ ಕೀಳು. ಆದರೂ ಪ್ರದರ್ಶನ ಬೆಳಗಿತು. ಮರುವರ್ಷವೇ, ಅಂದರೆ 1894ರಲ್ಲಿ, ಎಡಿಸನ್ನನ ಹಕ್ಕಿನ ಅವಧಿ ತೀರಿ ಬಿರಡೆಯ ದೀಪ ಮೂಲೆ ಸೇರಿತು. ಅದು ಹುಟ್ಟಿದುದೂ ಕಣ್ಮರೆಯಾದುದೂ ಕಾಯಿದೆಯ ದೆಸೆಯಿಂದಲೇ.

ಅನಂತರ ಲೋಹಗಳ ಸರದಿ. ಔಯರ್ ಫಾನ್ ವೆಲ್ಸ್‌ಬಾಖ್ ಆಸ್ಮಿಯಮ್ಮನ್ನು ಹಿಡಿದನು. ಅದು ಅಪರೂಪದ ಲೋಹ, ತಂತುವೋ ಬಲು ಪೆಡಸು. ಜರ್ಮನಿಯ ಸೀಮೆನ್ಸ್ ಮತ್ತು ಹಾಲ್ಸ್ಕೆ ಸಂಸ್ಥೆಯಲ್ಲಿ ಬೋಲ್ಟನ್ ಟ್ಯಾಂಟಲಮ್ಮನ್ನು ತಂತಿಯಾಗಿ ಎಳೆದನು. ಈ ದೀಪಗಳು ಪೇಟೆಗೆ ಬರುತ್ತಿದ್ದ ಹೊತ್ತಿಗೇ, 1905ರಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದವು. ಅಲ್ಲಿಂದ ಬಂದುದು ಪರ್ಯಾಯ ಪ್ರವಾಹ. ಟ್ಯಾಂಟಲಮ್ ತಂತು ನೇರ ಪ್ರವಾಹದಲ್ಲಿ ಚೆನ್ನಾಗಿ ಬಾಳಿದರೂ ಪರ್ಯಾಯ ಪ್ರವಾಹದಲ್ಲಿ ಬೇಗನೆ ತುಂಡಾಗುತ್ತಿತ್ತು. ಒಂದು ಊರಿಗೆ ಒಪ್ಪಿದ ಪದಾರ್ಥ ಇನ್ನೊಂದು ಊರಿಗೆ ಒಪ್ಪದೆಂಬುದನ್ನು ಇಲ್ಲಿ ನೆನೆಯಬಹುದು.

ಉಳಿದುದು ಟಂಗ್‌ಸ್ಟನ್. ಅದು ಕರಗುವುದು 3,400 ಡಿಗ್ರಿ ಸೆಂಟಿಗ್ರೇಡಿಗೂ ಮೇಲೆ. ಆದುದರಿಂದ ಎರಕ ಹೊಯ್ಯುವುದು ಅಸಾಧ್ಯ. ಯೂಸ್ಟ್ ಮತ್ತು ಹನಮಾನ್ ಎಂಬಿಬ್ಬರು 1904ರಲ್ಲಿ ಹಂಗೆರಿಯಲ್ಲಿ ಟಂಗ್‌ಸ್ಟನ್ ತಂತುವಿಗೆ ಪೇಟೆಂಟು ಪಡೆದರು. ಅವರ ತಂತು ಮುಟ್ಟಿದರೆ ಮುರಿಯುವಂಥದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಆ ದೇಶದ ಮಟ್ಟಿಗೆ ಅವರ ಹಕ್ಕನ್ನು ಕೊಂಡುಕೊಂಡಿತು. ಅಲ್ಲಿಯ ಕೂಲಿಡ್ಜ್ ಲೋಹದ ಪುಡಿಯನ್ನು ಒತ್ತಿ, ಕಾಯಿಸಿ, ಬಿಸಿಯಲ್ಲಿ ಬಡಿದು, ವಜ್ರದ ಅಚ್ಚಿನ ಮೂಲಕ ಕೂದಲಿಗಿಂತ ಸಣ್ಣ ತಂತಿಯಾಗಿ ಎಳೆಯುವ ಕ್ರಮವನ್ನು ಸಾಧಿಸಿದನು. ಆ ಪೇಟೆಂಟು ದೊರೆತದ್ದು 1913ರಲ್ಲಿ. ಕ್ರಮಕ್ಕೆ ಮಾತ್ರವಲ್ಲದೆ ಬಾಗುವ ಟಂಗ್‌ಸ್ಟನ್ನಿಗೇ ಅದರಲ್ಲಿ ಹಕ್ಕು ಕೋರಲಾಗಿತ್ತು. 1928ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು, ಶುದ್ಧ ಟಂಗ್‌ಸ್ಟನ್ನಿಗೆ ಬಾಗುವ ಗುಣ ನಿಸರ್ಗದತ್ತವಾದುದು, ಕೂಲಿಡ್ಜ್ ಅದನ್ನು ಸೃಷ್ಟಿಸಲಿಲ್ಲ, ಕಂಡುಕೊಂಡನು, ಎಂದು ಆ ಹಕ್ಕನ್ನು ತಳ್ಳಿಹಾಕಿತು. ತೀರ್ಪು ನ್ಯಾಯವಾದುದೇ, ಆದರೆ ಅವಧಿ ಮುಗಿಯಲು ಆಗ ಸುಮಾರು ಎರಡು ವರ್ಷ ಮಾತ್ರ ಉಳಿದಿತ್ತು.

ಹಾಗಾದರೆ 1936ರಲ್ಲಿ ಹೊಸದಾಗಿ ದೀಪ ಮಾಡಹೊರಟವರಿಗೆ ದಾರಿ ತೆರೆದಿತ್ತೇ? ಲೋಹದ ಮಟ್ಟಿಗೆ ಹೌದೆನ್ನಬಹುದು. ಬುರುಡೆಯಲ್ಲಿ ಅನಿಲ ತುಂಬುವ ಲ್ಯಾಂಗ್ಮೂರನ ಅಮೆರಿಕದ ಪೇಟೆಂಟೂ 1933ಕ್ಕೆ ತೀರಿತ್ತು. ಆದರೆ ಕಾದ ತಂತು ಜೋತುಬೀಳದಂತೆ ಮಾಡುವ ಪಾಟ್ಜ್‌ನ ಕ್ರಮದ ಮೇಲೆ 1922ರಲ್ಲಿ ಕೊಟ್ಟ ಹಕ್ಕು ಅಲ್ಲಿ ಇನ್ನೂ ಊರ್ಜಿತದಲ್ಲಿತ್ತು. ಇದಕ್ಕಿಂತ ಬಿಗಿಯಾದ ಕಟ್ಟು ಇನ್ನೊಂದು. 1924ರಲ್ಲಿ ಜಿನೀವಾದಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ದೊಡ್ಡ ತಯಾರಕರು ಫೀಬಸ್ ಎಂಬ ಹೆಸರಿನಲ್ಲಿ ಒಕ್ಕೂಟ ಕಟ್ಟಿ, ಪೇಟೆಂಟು ಮತ್ತು ತಾಂತ್ರಿಕ ತಿಳಿವಳಿಕೆಗಳನ್ನು ತಮ್ಮೊಳಗೆ ವಿನಿಮಯ ಮಾಡಿಕೊಂಡು, ಮಾರುಕಟ್ಟೆಗಳನ್ನು ಹಂಚಿಕೊಂಡಿದ್ದರು. ದೀಪದ ಆಯುಸ್ಸನ್ನು 1,000 ಗಂಟೆಗೆ ಇಳಿಸಿ, ಅದನ್ನು ಮೀರಿದವರಿಗೆ ದಂಡ ವಿಧಿಸುತ್ತಿದ್ದರು. ಪೇಟೆಂಟಿಗೆ ಕೊನೆಯ ದಿನವೊಂದಿದೆ. ಇಂಥ ಒಪ್ಪಂದವನ್ನು ಮುರಿಯಲು ಎರಡನೆಯ ಮಹಾಯುದ್ಧವೇ ಬರಬೇಕಾಯಿತು.

ಮೈಸೂರಿಗೆ ಒಂದು ಅನುಕೂಲವಿತ್ತು. ಬ್ರಿಟಿಷ್ ಇಂಡಿಯದ 1911ರ ಪೇಟೆಂಟು ಕಾಯಿದೆ ಸಂಸ್ಥಾನಗಳ ನೆಲಕ್ಕೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಆದರೆ ಈ ಅನುಕೂಲವನ್ನು ಹಿಗ್ಗಿಸಿ ಹೇಳಬಾರದು. ಬುರುಡೆಗಳನ್ನು ಗಡಿಯಾಚೆ ಮದರಾಸಿನಲ್ಲೋ ಮುಂಬಯಿಯಲ್ಲೋ ಮಾರಬೇಕೆಂದರೆ ಆ ಕಾಯಿದೆ ಎದುರಾಗಿಯೇ ಆಗುತ್ತಿತ್ತು.

ಕೊನೆಗೊಂದು ಮಾತು. ಟಂಗ್‌ಸ್ಟನ್ನಿನ ಅದಿರಾದ ಷೀಲೈಟು, ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಲ್ಲಿಯೇ ಇದೆ. ಚಿನ್ನ ತೆಗೆದು ಚೆಲ್ಲಿದ ಮಣ್ಣಿನ ದಿಬ್ಬಗಳಲ್ಲಿಯೂ ಅದು ಉಳಿದಿದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದುದೂ ಆ ಗಣಿಗಳಿಗೇ. ಅದಿರೂ ವಿದ್ಯುತ್ತೂ ಹೀಗೆ ಒಂದೇ ನೆಲದಲ್ಲಿದ್ದವು. ಇವೆರಡರ ನಡುವೆ ಬೇಕಾದ ತಂತಿಯನ್ನು ಎಳೆಯುವ ವಿದ್ಯೆ ಮಾತ್ರ ಸ್ಕೆನೆಕ್ಟಡಿ, ಬರ್ಲಿನ್, ಬುಡಾಪೆಸ್ಟುಗಳ ಪ್ರಯೋಗಶಾಲೆಗಳಲ್ಲಿ ಬೆಳೆದಿತ್ತು.